ಎರಡನೆಯ ಕರೆ

ಮಗು ಒಂದು ಸಲ ಕರೆದರೆ ಓಗೊಡಬಾರದು. ಎರಡನೆಯ ಸಲ ಕರೆದರೆ ಕೂಡಲೇ ಎದ್ದು ಹೋಗಬೇಕು. ಡೊಂಬಿವಲಿಯ ನಮ್ಮ ಮನೆಯಲ್ಲಿ ಅಮ್ಮ ಮಾಡಿದ್ದ ನಿಯಮ ಇದು. ನನಗೆ ಆಗ ಹನ್ನೆರಡು ವರ್ಷ. ಆ ನಿಯಮವನ್ನು ನಾನು ತಪ್ಪದೆ ಪಾಲಿಸಿದೆ. ಪಾಲಿಸಿದ್ದರ ಗುರುತು ಈಗಲೂ ಒಬ್ಬಳ ಬಲಗೈಯ ಮೇಲಿದೆ. ಆ ಕೈಯನ್ನು ನಾನು ನೋಡಿ ಎಷ್ಟೋ ವರ್ಷಗಳಾದವು, ಆದರೂ ಅದರ ಚರ್ಮ ಎಲ್ಲಿ ಸುಕ್ಕಾಗಿದೆ, ಎಲ್ಲಿ ನುಣುಪಾಗಿ ಹೊಳೆಯುತ್ತದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ.

ಸ್ಟೇಷನ್ನಿನ ಪೂರ್ವಕ್ಕೆ ಹದಿನೈದು ನಿಮಿಷ ನಡೆದರೆ ನಮ್ಮ ಸೊಸೈಟಿ. ಲಿಫ್ಟ್ ಇಲ್ಲದ ಕಟ್ಟಡದ ಮೂರನೆಯ ಮಾಳಿಗೆ. ಒಂದು ಹಾಲ್, ಒಂದು ಬೆಡ್‌ರೂಮ್, ಒಂದು ಅಡುಗೆಮನೆ. ಹಾಲ್‌ನ ಕಿಟಕಿಗೆ ಹೊರಚಾಚಿದ ಕಬ್ಬಿಣದ ಗ್ರಿಲ್. ಅದರೊಳಗೆ ಅಜ್ಜಿಯ ತುಳಸಿ, ಒಣಹಾಕಿದ ಸಂಡಿಗೆ, ಅಪ್ಪನ ಬೂಟು. ಹಾಲ್‌ಗೂ ಅಡುಗೆಮನೆಗೂ ನಡುವೆ ಒಂದೇ ಬಾಗಿಲು. ಅಪ್ಪ ಬೇಲಾಪುರದ ಕಚೇರಿಯೊಂದರಲ್ಲಿ ಗುಮಾಸ್ತರು. ಬೆಳಿಗ್ಗೆ ಏಳಕ್ಕೆ ಹೊರಟು ಠಾಣೆಯಲ್ಲಿ ಗಾಡಿ ಬದಲಿಸಿ ಹೋಗುತ್ತಿದ್ದರು, ಕತ್ತಲಾದ ಮೇಲೆ ಶರ್ಟಿನ ಗುಂಡಿ ಕಿತ್ತುಕೊಂಡು ಬರುತ್ತಿದ್ದರು. ಅಮ್ಮ ಠಾಣೆಯ ಕನ್ನಡ ಶಾಲೆಯೊಂದರಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಅಜ್ಜಿ, ಎಂದರೆ ಅಪ್ಪನ ಅಮ್ಮ, ಉಡುಪಿಯಿಂದ ಬಂದು ಮೂವತ್ತು ವರ್ಷವಾಗಿದ್ದರೂ ಗಂಜಿಗೆ ಕುಚ್ಚಲಕ್ಕಿಯೇ ಆಗಬೇಕು ಎನ್ನುವವಳು. ಅಪ್ಪನೊಡನೆ ತುಳು, ಅಮ್ಮನೊಡನೆ ಕನ್ನಡ, ತರಕಾರಿಯವನೊಡನೆ ತನ್ನದೇ ಆದ ಒಂದು ಮರಾಠಿ. ನಾನು ಮಾತ್ರ ಎಲ್ಲರಿಗೂ ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದೆ.

ಅಮ್ಮ ನಲವತ್ತರ ಹತ್ತಿರ ಬಂದಾಗ ಶಿಕ್ಷಣ ವಿಷಯದಲ್ಲಿ ಪಿಎಚ್.ಡಿ. ಮಾಡಲು ಹೊರಟಳು. ಮೂರರಿಂದ ಐದು ವರ್ಷದ ಮಗು ತೊಡಕೊಂದು ಎದುರಾದಾಗ ದೊಡ್ಡವರನ್ನು ಕರೆಯುವ ಮೊದಲು ತಾನಾಗಿ ಏನೇನು ಮಾಡಿ ನೋಡುತ್ತದೆ, ಎಷ್ಟು ಹೊತ್ತು ಮಾಡಿ ನೋಡುತ್ತದೆ: ಅದು ಅವಳ ವಿಷಯ. ಇಸ್ತ್ರಿ ಮೇಜೇ ಓದುವ ಮೇಜಾಯಿತು. ಖಾಕಿ ಹೊದಿಕೆ ಹಾಕಿದ ಪುಸ್ತಕಗಳು ದೇವರ ಮಂಟಪದ ಪಕ್ಕಕ್ಕೂ ಬಂದವು. ಊಟದ ಹೊತ್ತಿಗೆ ಅವಳು ತನ್ನ ಓದನ್ನು ನಮಗೆ ಬಡಿಸುತ್ತಿದ್ದಳು. ಒಮ್ಮೆ ಗಂಜಿಯ ಬಟ್ಟಲನ್ನು ನೆಲದ ಮೇಲೆ ಈ ಕಡೆ ಇಟ್ಟು, ಉಪ್ಪಿನಕಾಯಿ ಭರಣಿಯನ್ನು ಒಂದು ಮೊಳ ಆಚೆ ಇಟ್ಟಳು.

“ಇದು ಮಗು ತಾನೇ ಮಾಡಬಹುದಾದ್ದು. ಅದು ದೊಡ್ಡವರು ಕೈ ಹಿಡಿದರೆ ಮಾಡಬಹುದಾದ್ದು. ನಡುವೆ ಇಷ್ಟು ಜಾಗ ಉಂಟಲ್ಲ, ಕಲಿಯುವುದೆಲ್ಲ ಅಲ್ಲೇ. ನಾವು ಬೇಗ ಕೈ ಹಾಕಿದರೆ ಆ ಜಾಗವೇ ಮುಚ್ಚಿಹೋಗ್ತದೆ.”

“ಆ ಜಾಗದಲ್ಲಿ ನನ್ನ ಬಟ್ಟಲು ಇಡು ಮಾರಾಯ್ತಿ,” ಎಂದಳು ಅಜ್ಜಿ. “ಹಸಿವಾಗ್ತದೆ.”

“ಅತ್ತೆ, ನಾನು ಗಂಭೀರವಾಗಿ ಹೇಳ್ತಿದ್ದೇನೆ.”

“ನಾನೂ ಹಾಗೇ ಹೇಳಿದ್ದು. ಆರು ಹೆತ್ತೆ ನಾನು. ಒಂದು ಚೀಟಿ ಬರೀಲಿಲ್ಲ. ಆರೂ ನಡೀಲಿಕ್ಕೆ ಕಲಿತವು.”

ಅಪ್ಪ ಮೆಲ್ಲಗೆ, “ನನ್ನನ್ನೂ ಬರ್ಕೊಳ್ತೀಯಾ ಸುಮತಿ? ಎರಡನೇ ಸಲ ಉಪ್ಪು ಕೇಳಿದ ಅಂತ?” ಎಂದರು. ಅಮ್ಮ ನಗಲಿಲ್ಲ. ಆದರೆ ಎದ್ದು ಉಪ್ಪು ತಂದಳು.

ಇಂಥ ಕೆಲಸದಲ್ಲಿ ಒಬ್ಬರ ಕಣ್ಣು ಸಾಲದು. ಇಬ್ಬರು ಒಂದೇ ಮಗುವನ್ನು ಒಂದೇ ಹೊತ್ತಿನಲ್ಲಿ ನೋಡಿ, ಒಬ್ಬರಿಗೊಬ್ಬರು ಕಾಣದ ಹಾಗೆ ಬರೆದು, ಆಮೇಲೆ ಎರಡೂ ಹಾಳೆಗಳನ್ನು ತಾಳೆ ನೋಡಬೇಕು. ತಾಳೆಯಾದರೆ ಮಾತ್ರ ಕಂಡದ್ದು ಕಂಡದ್ದೆಂದು ಲೆಕ್ಕ. ನಿಜವಾದ ಅಧ್ಯಯನಕ್ಕೆ ಅಮ್ಮನ ಜೊತೆ ಓದುತ್ತಿದ್ದವರೊಬ್ಬರು ಬರುವವರಿದ್ದರು. ಅದಕ್ಕೆ ಮೊದಲು ಮನೆಯಲ್ಲೇ ಮಾಡಿ ನೋಡುವುದಕ್ಕೆ ಅಮ್ಮ ನನ್ನನ್ನು ತಯಾರು ಮಾಡಿದಳು. ನಾಲ್ಕು ಮನೆಗಳ ಹಾಳೆ: ಸಮಯ, ಕೈ ಮಾಡಿದ್ದು, ಬಾಯಿ ಆಡಿದ್ದು, ಕಣ್ಣು ನೋಡಿದ್ದು. ಅಪ್ಪನ ಹಳೆಯ ಕೈಗಡಿಯಾರವನ್ನು ನನ್ನ ಮುಂದೆ ಇಟ್ಟುಕೊಂಡು ನಿಮಿಷಕ್ಕೊಂದು ಸಾಲು. ಕನ್ನಡದಲ್ಲೇ ಬರೆಯಬೇಕು ಎಂದಳು. ಇಂಗ್ಲಿಷ್ ಶಾಲೆಯಲ್ಲಿ ಓದುತ್ತಿದ್ದ ನನಗೆ ಕನ್ನಡ ಬರವಣಿಗೆ ಕೂಡಿಬಂದದ್ದು ಆ ಹಾಳೆಗಳಿಂದ. ಇದನ್ನು ಇವತ್ತು ಈ ಭಾಷೆಯಲ್ಲಿ ಬರೆಯಲು ಆಗುತ್ತಿರುವುದೂ ಅವುಗಳಿಂದಲೇ, ಹೇಳಿಕೊಳ್ಳಲು ಸಂಕಟವಾಗುತ್ತದೆ.

ಬರೆಯಬಾರದ ಮಾತುಗಳ ಒಂದು ಪಟ್ಟಿಯಿತ್ತು. ಪಾಪ, ಖುಷಿ, ಬೇಸರ, ಹೆದರಿಕೆ. “ಅದು ನಿನ್ನ ತಲೆಯಲ್ಲಿರುವುದು, ಮಗುವಿನ ಮುಖದಲ್ಲಿರುವುದಲ್ಲ,” ಎಂದು ಕೆಂಪು ಪೆನ್ನಿನಲ್ಲಿ ಹೊಡೆದುಹಾಕುತ್ತಿದ್ದಳು. ‘ಅಳು ಬಂತು’ ಎಂದರೆ ತಪ್ಪು. ‘ಅಂಗಿಯಿಂದ ಕಣ್ಣೊರೆಸಿಕೊಂಡಳು’ ಎಂದರೆ ಸರಿ. ನೋಡುವವರು ಗೋಡೆಯ ಹಾಗೆ ಇರಬೇಕು. ಮಗು ತಿರುಗಿ ನೋಡಿದರೆ ಕಣ್ಣು ಕೂಡಿಸಬಾರದು, ಹಾಳೆಯ ಕಡೆ ನೋಡಬೇಕು. ಎರಡು ಕರೆಯ ನಿಯಮ ಹುಟ್ಟಿದ್ದೂ ಹೀಗೆಯೇ. ಮೊದಲನೆಯ ಸಲ ಕರೆಯುವ ಮಗು ಸಹಾಯ ಕೇಳುತ್ತಿರುವುದಿಲ್ಲ, ಇದ್ದೀಯಾ ಎಂದು ವಿಚಾರಿಸುತ್ತಿರುತ್ತದೆ ಅಷ್ಟೇ; ಉತ್ತರ ಕೊಡದಿದ್ದರೆ ತಿರುಗಿ ತನ್ನ ಕೆಲಸಕ್ಕೆ ಹತ್ತುತ್ತದೆ, ಮತ್ತು ಅದರ ಒಳ್ಳೆಯ ಉಪಾಯಗಳು ಹೊರಗೆ ಬರುವುದು ಆಮೇಲೆಯೇ. ಇದನ್ನು ಅಮ್ಮ ಯಾವ ಪುಸ್ತಕದಿಂದಲೂ ತೆಗೆದದ್ದಲ್ಲ. ತಾನೇ ಶಾಲೆಯಲ್ಲಿ ನೋಡಿ ನೋಡಿ ಕಂಡುಕೊಂಡದ್ದು. ಅದನ್ನು ಹೇಳುವಾಗ ಅವಳ ದಣಿದ ಮುಖ ಹುಡುಗಿಯ ಮುಖವಾಗುತ್ತಿತ್ತು.

ನನಗೆ ಆ ಮುಖ ಬೇಕಾಗಿತ್ತು. ಅದಕ್ಕೆ ಮೊದಲು ಅಮ್ಮನೆಂದರೆ ಐದೂವರೆಗೆ ಬಾಗಿಲು ತಳ್ಳಿಕೊಂಡು ಬಂದು ಚಪ್ಪಲಿ ಬಿಡುವಷ್ಟರಲ್ಲೇ ಈರುಳ್ಳಿ ಹೆಚ್ಚಲು ಕೂರುವ ಒಂದು ಬೆನ್ನು. ಹಾಳೆಗಳು ಬಂದ ಮೇಲೆ ಸಂಜೆಯ ಒಂದು ಗಂಟೆ ನನ್ನದಾಯಿತು. ಮಂಚದ ಮೇಲೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು ಸಾಲಿಗೆ ಸಾಲು ಹೊಂದಿಸುತ್ತಿದ್ದೆವು. ಅವಳು ಬಿಟ್ಟದ್ದನ್ನು ನಾನು ಹಿಡಿದಿದ್ದರೆ, “ಇದು ನನಗೆ ಕಾಣಲೇ ಇಲ್ಲ ನೋಡು ಸ್ವಾತಿ,” ಎನ್ನುವಳು. ಹನ್ನೆರಡು ವರ್ಷದ ಹುಡುಗಿಗೆ ಅದಕ್ಕಿಂತ ದೊಡ್ಡದು ಏನಿದೆ?

ಬೇಸಿಗೆ ರಜೆಯ ಮಧ್ಯಾಹ್ನಗಳಲ್ಲಿ ನಾವು ನೋಡುತ್ತಿದ್ದ ಮಗು ರೇಣು. ನಮ್ಮ ಮನೆಯೂ ಸೇರಿ ಸೊಸೈಟಿಯ ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆಯುತ್ತಿದ್ದ ಶರಣಮ್ಮನ ಮಗಳು, ನಾಲ್ಕು ವರ್ಷದವಳು. ಶರಣಮ್ಮ ಕಲಬುರಗಿ ಕಡೆಯವಳು. ಗಂಡ ಹಿಂದಿನ ಓಣಿಯಲ್ಲಿ ಏಳುತ್ತಿದ್ದ ಕಟ್ಟಡದಲ್ಲಿ ಸೆಂಟ್ರಿಂಗ್ ಕೆಲಸಕ್ಕಿದ್ದ. ಅಲ್ಲೇ ತಗಡಿನ ಶೆಡ್ಡಿನಲ್ಲಿ ಅವರ ವಾಸ. ಮಗಳನ್ನು ಸೈಟಿನಲ್ಲಿ ಬಿಟ್ಟು ಬರಲು ಅವಳಿಗೆ ಜೀವ ಒಪ್ಪುತ್ತಿರಲಿಲ್ಲ. ಮೂರಕ್ಕೆ ನಮ್ಮ ಪಾತ್ರೆ ಮುಗಿಸಿ, ರೇಣುವನ್ನು ನಮ್ಮಲ್ಲಿ ಬಿಟ್ಟು, ಉಳಿದ ಮೂರು ಮನೆ ಮಾಡಿ ಐದಕ್ಕೆ ಬಂದು ಕರೆದುಕೊಂಡು ಹೋಗುತ್ತಿದ್ದಳು. ಐದು ಹೊಡೆಯುವ ಮೊದಲು ಅಜ್ಜಿ ಆ ಮಗುವಿಗೆ ಒಂದು ಮುಷ್ಟಿ ಅವಲಕ್ಕಿ, ಒಂದು ತುಂಡು ಬೆಲ್ಲ ಕೊಡುವುದು ರೂಢಿ.

“ಅಲ್ಲಿ ಮ್ಯಾಲಿಂದ ಕಬ್ಬಿಣ ಬೀಳ್ತಾವ, ಹಲಗಿ ಬೀಳ್ತಾವ,” ಎನ್ನುತ್ತಿದ್ದಳು ಶರಣಮ್ಮ. “ನಿಮ್ಮನ್ಯಾಗ ಇದ್ರ ನನಗ ಧೈರ್ಯರಿ ಅಕ್ಕೋರ.”

ಶಾಲೆಯಲ್ಲಿ ಪಾಠ ಹೇಳುವ ಹೆಂಗಸರನ್ನು ಅವರ ಕಡೆ ಅಕ್ಕೋರು ಎನ್ನುತ್ತಾರೆ. ಮಗುವನ್ನು ನೋಡಿ ಬರೆಯುತ್ತೇನೆ ಎಂದು ಅಮ್ಮ ಒಪ್ಪಿಗೆಯ ಕಾಗದ ಮುಂದಿಟ್ಟಾಗ ಶರಣಮ್ಮ ಸೆರಗಿನಿಂದ ಕೈ ಒರೆಸಿಕೊಂಡು ಬಿದ್ದು ಬಿದ್ದು ನಕ್ಕಳು.

“ನೋಡೂದಕ್ಕ ಕಾಗದ ಯಾಕ್ರಿ? ಆಕಿ ಎಂಥಾಕಿ ಅಂತ ನನಗ ಕೇಳ್ರಿ, ನಾ ಹೇಳ್ತೀನಿ. ಹಟಮಾರಿ. ಅಪ್ಪನಂಗ.”

“ಹೆಬ್ಬೆಟ್ಟು ಬೇಡ, ಸಹಿ ಮಾಡ್ತೀಯಾ?”

“ನಾಕನೇ ತನಕ ಓದೀನ್ರಿ. ಸಹಿ ಏನು, ಬೇಕಾದ್ರ ಮಗ್ಗೀನೂ ಬರೀತೀನಿ.” ದುಂಡಗಿನ ಅಕ್ಷರದಲ್ಲಿ ಹೆಸರು ಬರೆದು, ಕೊನೆಯ ಅಕ್ಷರಕ್ಕೆ ಒಂದು ಬಾಲ ಎಳೆದಳು.

ಬೀರುವಿನ ಮೇಲೆ ಬಿಸ್ಕತ್ತಿನ ಡಬ್ಬಿ ಇಡುವುದು, ಕೆಳಗೆ ಮಣೆ, ಖಾಲಿ ಪೆಟ್ಟಿಗೆ, ಕೋಲು ಚದುರಿಸಿ ಇಡುವುದು, ಸುತ್ತ ಹಾಸಿಗೆ ಹಾಸಿ ರೇಣುವನ್ನು ಬಿಡುವುದು. ಅಡುಗೆಮನೆಯ ಬಾಗಿಲಿಗೆ ಚಿಲಕ. ಇಷ್ಟು ಅಮ್ಮನ ಏರ್ಪಾಡು. ರೇಣು ಮೊದಲೆರಡು ದಿನ ಡಬ್ಬಿಯನ್ನು ನೋಡಿ ನಮ್ಮನ್ನು ನೋಡಿದಳು. ಮೂರನೆಯ ದಿನ ಕೋಲು ಹಿಡಿದಳು. ಒಮ್ಮೆ ಪೆಟ್ಟಿಗೆಯ ಮೇಲೆ ಹತ್ತಿ ನಿಂತು ನಮ್ಮ ಕಡೆ ತಿರುಗಿ, “ಏ ಮೂಗಿ! ಏನ್ ಬರೀತಿ?” ಎಂದು ನನ್ನನ್ನು ಅಣಕಿಸಿದಳು. ಅಮ್ಮನೂ ನಾನೂ ತುಟಿ ಕಚ್ಚಿಕೊಂಡು ಅದನ್ನೂ ಬರೆದುಕೊಂಡೆವು. ಒಂದು ವಸ್ತುವನ್ನು ಬಳಸುವುದು ಬೇರೆ, ಎರಡು ವಸ್ತುಗಳನ್ನು ಜೋಡಿಸಿ ಬಳಸುವುದು ಬೇರೆ ಎಂದು ಅಮ್ಮ ಹೇಳಿದ್ದಳು. ಆ ವಯಸ್ಸಿನ ಮಗು ಯಾರೂ ತೋರಿಸಿಕೊಡದೆ ಹಾಗೆ ಜೋಡಿಸುವುದನ್ನು ಅವಳು ಕಾಯುತ್ತಿದ್ದಳು. ಅದು ಕಂಡರೆ ಹಾಳೆಯ ಅಂಚಿನಲ್ಲಿ ನಕ್ಷತ್ರ ಹಾಕಬೇಕು. ಒಂಬತ್ತು ಹಾಳೆಗಳಾಗಿದ್ದವು. ಒಂದರಲ್ಲೂ ನಕ್ಷತ್ರವಿರಲಿಲ್ಲ.

ರಜೆ ಇನ್ನೂ ಮುಗಿದಿರಲಿಲ್ಲ. ಆ ದಿನ ಅಮ್ಮ ಸೀವುಡ್ಸ್‌ನಲ್ಲಿದ್ದ ತನ್ನ ಮಾರ್ಗದರ್ಶಕಿಯ ಮನೆಗೆ ಹೋಗಿದ್ದಳು. ಹೊರಡುವಾಗ ಹಾಳೆಗಳನ್ನು ಜೋಡಿಸುತ್ತ, “ಇನ್ನೊಂದು ಇದ್ದಿದ್ದರೆ ಹತ್ತಾಗ್ತಿತ್ತು,” ಎಂದಳು. ಯಾರಿಗೂ ಹೇಳಿದ ಮಾತಲ್ಲ ಅದು. ನಾನು ಕೇಳಿಸಿಕೊಂಡೆ. ಮಧ್ಯಾಹ್ನದ ಲೋಡ್ ಶೆಡ್ಡಿಂಗಿಗೆ ಕರೆಂಟು ಹೋಗಿತ್ತು. ಗಾಳಿಯಾಡಲೆಂದು ಅಜ್ಜಿ ಎಲ್ಲ ಬಾಗಿಲುಗಳನ್ನೂ ತೆರೆದಿಟ್ಟಿದ್ದಳು. ಕುಚ್ಚಲಕ್ಕಿ ಬೇಯಲು ಹೊತ್ತು ಹಿಡಿಯುತ್ತದಲ್ಲ, ರಾತ್ರಿಯ ಗಂಜಿಗೆ ನಾಲ್ಕಕ್ಕೇ ದೊಡ್ಡ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲಿಟ್ಟು, ಒದ್ದೆ ಬಟ್ಟೆ ಹಣೆಗೆ ಹಾಕಿಕೊಂಡು ಬೆಡ್‌ರೂಮಿನ ನೆಲದ ಮೇಲೆ ಮಲಗಿದಳು. ನಾನು ಬೀರುವಿನ ಮೇಲೆ ಡಬ್ಬಿ ಇಟ್ಟೆ. ಮಣೆ, ಪೆಟ್ಟಿಗೆ ಹರಡಿದೆ. ಗಡಿಯಾರ ಮುಂದಿಟ್ಟುಕೊಂಡೆ. ಸಂಜೆ ಅಮ್ಮ ಬಂದಾಗ ಹತ್ತನೆಯ ಹಾಳೆ ಅವಳ ಕೈಯಲ್ಲಿಡಬೇಕು. ಅಷ್ಟೇ ನನ್ನ ಮನಸ್ಸಿನಲ್ಲಿದ್ದದ್ದು.

ರೇಣು ಬಿಸ್ಕತ್ತಿನ ಕಡೆ ನೋಡಲೂ ಇಲ್ಲ. ಎದ್ದು ಸೀದಾ ಅಡುಗೆಮನೆಗೆ ಹೋದಳು. ಮಗು ಹೋದಲ್ಲಿಗೆ ನೋಡುವವರೂ ಹೋಗಬೇಕು. ನಾನು ಬಾಗಿಲ ಚೌಕಟ್ಟಿಗೆ ಒರಗಿ ನಿಂತೆ. ಒಲೆಯ ಹಿಂದೆ, ಗೋಡೆಯ ಗೂಡಿನಲ್ಲಿ ಅಜ್ಜಿಯ ಅವಲಕ್ಕಿ ಡಬ್ಬ. ರೇಣು ಹಾಲ್‌ಗೆ ಬಂದು ಮಣೆ ಎತ್ತಿಕೊಂಡು ಹೋದಳು. ಒಲೆಯ ಕಟ್ಟೆಯ ಬುಡದಲ್ಲಿಟ್ಟು ಹತ್ತಿದಳು. ಸಾಲಲಿಲ್ಲ. ಇಳಿದು, ಬಾಯಿಗೆ ಬೆರಳಿಟ್ಟು ನಿಂತಳು. ಆಮೇಲೆ ಬಚ್ಚಲಿಗೆ ಹೋಗಿ ಪ್ಲಾಸ್ಟಿಕ್ ಬಕೆಟ್ ಎಳೆದು ತಂದಳು. ಅದನ್ನು ಬೋರಲು ಹಾಕಿದಳು. ಅದರ ಮೇಲೆ ಮಣೆ ಇಟ್ಟಳು. ನನಗೆ ಮೈ ಜುಮ್ಮೆಂದಿತು. ಎರಡು ವಸ್ತು ಜೋಡಿಸಿದ್ದಳು, ಯಾರೂ ತೋರಿಸಿಕೊಟ್ಟಿರಲಿಲ್ಲ, ನನ್ನ ಕಣ್ಣೆದುರು, ಅಮ್ಮನೂ ಇಲ್ಲದಾಗ. ಅಂಚಿನಲ್ಲಿ ನಕ್ಷತ್ರ ಹಾಕಿದೆ. ಪಾತ್ರೆಯಿಂದ ಹಬೆ ಏಳುತ್ತಿದ್ದದ್ದು ಕಾಣಲಿಲ್ಲವೆಂದು ಹೇಳಲಾರೆ. ಕಂಡಿತ್ತು. ಬಕೆಟ್ ಅಲುಗಾಡುತ್ತಿದ್ದದ್ದೂ ಕಂಡಿತ್ತು. ಮೇಲೆ ನಿಂತು ಕೈ ಚಾಚಿದಳು, ಡಬ್ಬ ಒಂದು ಗೇಣು ದೂರದಲ್ಲಿತ್ತು. ಅವಳು ತಿರುಗಿ ನೋಡಿದಳು.

“ಅಕ್ಕಾ.”

ಗಾಬರಿಯ ದನಿಯಲ್ಲ. ಮಾಮೂಲು ದನಿ. ನಾನು ಗಡಿಯಾರ ನೋಡಿದೆ. ನಾಲ್ಕು ಗಂಟೆ ಹದಿನೇಳು ನಿಮಿಷ. ಬಾಯಿ ಆಡಿದ್ದು ಎಂಬ ಮನೆಯಲ್ಲಿ ‘ಅಕ್ಕಾ’ ಎಂದು ಬರೆದೆ. ಕಣ್ಣು ನೋಡಿದ್ದು ಎಂಬಲ್ಲಿ ‘ನನ್ನನ್ನು’ ಎಂದು ಬರೆದೆ. ತಲೆ ಎತ್ತಲಿಲ್ಲ, ಕಣ್ಣು ಕೂಡಬಾರದಲ್ಲ. ಎರಡನೆಯ ಕರೆಗೆ ಕಾದೆ. ಅವಳು ಮತ್ತೆ ಅತ್ತ ತಿರುಗಿ, ಎಡಗೈಯಲ್ಲಿ ಕಟ್ಟೆಯ ಅಂಚು ಹಿಡಿದು, ಬಲಗೈಯನ್ನು ಪಾತ್ರೆಯ ಮೇಲಿಂದ ಚಾಚಿರಬೇಕು. ಬಕೆಟ್ ಸರಿದ ಸದ್ದು ಕೇಳಿತು. ಎರಡನೆಯ ಕರೆ ಬಂತು. ಅದರಲ್ಲಿ ಅಕ್ಕಾ ಎಂಬ ಮಾತಿರಲಿಲ್ಲ.

ಆಮೇಲಿನದು ನನಗೆ ಸಾಲಾಗಿ ನೆನಪಿಲ್ಲ. ಅಜ್ಜಿ ಓಡಿ ಬಂದದ್ದು, ಕೊಡದ ನೀರನ್ನು ಮಗುವಿನ ಮೇಲೆ ಸುರಿದೇ ಸುರಿದದ್ದು, ಅನ್ನದ ಅಗುಳು ಅವಳ ಕುತ್ತಿಗೆಗೆ, ತೋಳಿಗೆ ಅಂಟಿಕೊಂಡದ್ದು. ಕೆಳಗಿನ ಮನೆಯವರ ರಿಕ್ಷಾ. ಕಲ್ಯಾಣದ ಆಸ್ಪತ್ರೆ. ಬಲಭುಜದಿಂದ ಬೆರಳ ತುದಿಯವರೆಗೆ ಸುಟ್ಟಿದೆ, ಜೀವಕ್ಕೆ ಅಪಾಯವಿಲ್ಲ ಎಂದು ಡಾಕ್ಟರು ಹೇಳುವ ಹೊತ್ತಿಗೆ ಶರಣಮ್ಮ ಬಂದಿದ್ದಳು. ಬೇರೆ ಮನೆಯ ಪಾತ್ರೆಯ ಬೂದಿ ಇನ್ನೂ ಅವಳ ಮೊಣಕೈಯಲ್ಲಿತ್ತು. ಅಜ್ಜಿ ಅವಳ ಎರಡೂ ಕೈ ಹಿಡಿದುಕೊಂಡಳು.

“ನಾನು ಮಲಗಿಬಿಟ್ಟೆ ಮಗಾ. ಯಾರೂ ನೋಡಲಿಲ್ಲ. ಅದು ಒಳಗೆ ಹೋದದ್ದು ಯಾರಿಗೂ ಗೊತ್ತಾಗಲಿಲ್ಲ.”

ಅಜ್ಜಿ ಸುಳ್ಳು ಹೇಳಲಿಲ್ಲ. ಅವಳಿಗೆ ಗೊತ್ತಿದ್ದದ್ದು ಅಷ್ಟೇ. ಗೊತ್ತಿದ್ದ ನಾನು ಬೆಂಚಿನ ತುದಿಯಲ್ಲಿ ಕೂತಿದ್ದೆ.

“ನಿಮ್ಮ ತಪ್ಪೇನೈತ್ರಿ ಆಯಿ,” ಎಂದಳು ಶರಣಮ್ಮ. “ಬಿಟ್ಟು ಹೋದಾಕಿ ನಾನು. ಹೆತ್ತಾಕೀನ ಬಿಟ್ಟು ಹೋದ ಮ್ಯಾಲ ಮಂದಿಗೇನಂತೀರಿ.” ಆಮೇಲೆ ನನ್ನನ್ನು ನೋಡಿ ಹತ್ತಿರ ಬಂದು ತಲೆ ನೇವರಿಸಿದಳು. “ಈ ಹುಡುಗಿ ಹೆದರ್ಯಾಳ ನೋಡ್ರಿ. ಕೈಯೆಲ್ಲ ತಣ್ಣಗಾಗ್ಯಾವ.”

ಮನೆಗೆ ಬಂದ ಮೇಲೆ ನಾನು ಮಾಡಿದ್ದನ್ನು ಯಾರಿಗೆ ಹೇಳಿದರೂ ನಂಬಲಾರರು. ಅಡುಗೆಮನೆಯ ಬಾಗಿಲಲ್ಲಿ ಬಿದ್ದಿದ್ದ ಹಾಳೆಯನ್ನು ಎತ್ತಿ, ಒರೆಸಿ, ಉಳಿದ ಒಂಬತ್ತರ ಜೊತೆ ಫೈಲಿನಲ್ಲಿಟ್ಟೆ. ಬಚ್ಚಿಡಬೇಕೆಂದಾಗಲಿ ಹರಿಯಬೇಕೆಂದಾಗಲಿ ಹೊಳೆಯಲಿಲ್ಲ. ಹಾಳೆಯ ಜಾಗ ಫೈಲು, ಅಲ್ಲಿಟ್ಟೆ. ಮರುದಿನ ಬೆಳಿಗ್ಗೆ ಅಮ್ಮ ಅದನ್ನು ತೆರೆದಳು. ನಾನು ಹಲ್ಲುಜ್ಜುತ್ತಿದ್ದೆ.

“ಸ್ವಾತಿ, ಇದು ನಿನ್ನೆಯದಾ?”

ತಲೆಯಾಡಿಸಿದೆ.

“ನೀನು ಅಲ್ಲೇ ಇದ್ದೆಯಾ? ಮೊದಲಿಂದಲೂ?”

“ದರ್ವಾಜೇ ಪೆ ಥೀ. ಬಾಗಿಲಲ್ಲಿ.”

“ನಾಲ್ಕು ಹದಿನೇಳಕ್ಕೆ ಕರೆದಳು.”

“ಏಕ್ ಬಾರ್, ಮಮ್ಮಿ. ಒಂದೇ ಸಲ.”

“ಒಂದೇ ಸಲ,” ಎಂದಳು ಅಮ್ಮ. ಇಸ್ತ್ರಿ ಮೇಜಿನ ಕಾಲು ಹಿಡಿದುಕೊಂಡು ನೆಲದ ಮೇಲೆ ಕೂತಳು. ಅಂಚಿನ ನಕ್ಷತ್ರದ ಮೇಲೆ ಅವಳ ಹೆಬ್ಬೆರಳಿತ್ತು. ಅದನ್ನು ತೆಗೆಯದೆ ಹೇಳಿದಳು: “ಅಪಾಯ ಕಂಡರೆ ಎದ್ದು ಹೋಗಬೇಕು ಅಂತ ನಾನು ಎಲ್ಲೂ ಬರೀಲಿಲ್ಲ. ಬರೀಬೇಕಾಗ್ತದೆ ಅಂತ ನನಗೆ ಹೊಳೀಲಿಲ್ಲ.” ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ನನಗೆ ಅದನ್ನು ಬೇರೆಯಾಗಿ ಹೇಳಿಕೊಡಬೇಕಾಗಿತ್ತು ಎಂಬ ಮಾತು ಮೈಯಲ್ಲಿ ಮುರಿದ ಮುಳ್ಳಿನ ಹಾಗೆ ಉಳಿದುಬಿಟ್ಟಿತು.

ಮುಂದಿನ ಭಾನುವಾರ ಊಟಕ್ಕೆ ಕೂತಾಗ ಜಗಳವಾಯಿತು. ಗಂಜಿ ಮಾಡುವುದನ್ನು ಅಜ್ಜಿ ನಿಲ್ಲಿಸಿದ್ದಳು, ಚಪಾತಿ. ಶರಣಮ್ಮನಿಗೆ ನಿಜ ಹೇಳಬೇಕು ಎಂದಳು ಅಮ್ಮ. ಅಪ್ಪ ತಟ್ಟೆ ಸರಿಸಿದರು.

“ಹೇಳಿ ಎಂತ ಮಾಡ್ತೀ? ಆ ಕೈ ಸರಿಯಾಗ್ತದಾ? ಆಸ್ಪತ್ರೆಯದ್ದು ನಾವು ನೋಡಿಕೊಳ್ತಾ ಇಲ್ಲವಾ? ನಾಳೆ ಪೋಲೀಸು ಅಂತ ಬಂದರೆ ಹನ್ನೆರಡು ವರ್ಷದ ಹುಡುಗಿಯನ್ನ ನಿಲ್ಲಿಸ್ತೀಯಾ ಅವರ ಮುಂದೆ?”

“ಅವಳು ತನ್ನನ್ನೇ ತಾನು ತಿಂದುಕೊಳ್ತಿದ್ದಾಳೆ. ಮಗುವನ್ನ ಬಿಟ್ಟು ಹೋದೆ ಅಂತ ಗಂಡನೂ ದಿನಾ ಅದನ್ನೇ ಎತ್ತಿ ಆಡ್ತಾನಂತೆ. ಬಿಟ್ಟು ಹೋದದ್ದು ನಂಬಿದ ಮನೆಯಲ್ಲಿ. ಅಲ್ಲಿ ಒಬ್ಬರು ನೋಡ್ತಾ ನಿಂತಿದ್ದರು ಅಂತ ಅವಳಿಗೆ ಗೊತ್ತಾಗಬೇಡವಾ?”

“ಮಗಳ ಹೆಸರು ಹೇಳ್ತೀಯಾ?”

“ನನ್ನ ಹೆಸರು ಹೇಳ್ತೇನೆ. ಕಲಿಸಿದ್ದು ನಾನು.”

ಅಜ್ಜಿ ಹಾಳೆಯನ್ನು ತರಲು ಹೇಳಿದಳು. ಅವಳಿಗೆ ಓದಲು ಕನ್ನಡಕ ಬೇಕಿತ್ತು, ಹಾಕಿಕೊಂಡು ಒಂದೊಂದೇ ಸಾಲು ಓದಿದಳು.

“ನಾಲ್ಕೂವರೆಗೆ ನಾನು ಅವಲಕ್ಕಿ ಕೊಡುವುದು ಅದಕ್ಕೆ. ಆ ದಿನ ಹಸಿವು ಬೇಗ ಆಗಿರಬೇಕು,” ಎಂದಳು. “ಕೈ ಬರ್ದಿದ್ದೀರಿ, ಬಾಯಿ ಬರ್ದಿದ್ದೀರಿ, ಕಣ್ಣು ಬರ್ದಿದ್ದೀರಿ. ಹೊಟ್ಟೆಗೆ ಒಂದು ಮನೆ ಇರಲಿಲ್ಲವಾ ಸುಮತಿ ನಿನ್ನ ಕಾಗದದಲ್ಲಿ?”

ಅಮ್ಮ ಎದ್ದು ಹೋದಳು. ತಟ್ಟೆಯಲ್ಲಿ ಅವಳ ಚಪಾತಿ ಹಾಗೇ ಇತ್ತು. ನಡೆದದ್ದನ್ನೆಲ್ಲ ಅಮ್ಮ ತಿಳಿಸಿದ್ದ ಮಾರ್ಗದರ್ಶಕಿಯಿಂದ ಆ ವಾರ ಫೋನು ಬಂತು. ಆ ಒಂದು ಹಾಳೆಯನ್ನು ಕೈಬಿಡಿ, ಉಳಿದ ಕೆಲಸ ಚೆನ್ನಾಗಿದೆ, ಮನೆಯ ಸಂಗತಿಯನ್ನು ಮನೆಯಲ್ಲೇ ಬಿಡಿ ಎಂದರಂತೆ. ಕೆಟ್ಟ ಹೆಂಗಸಲ್ಲ ಅವರು. ಅಮ್ಮ, “ಆ ಹಾಳೆಯಲ್ಲಿರುವುದೇ ನನ್ನ ಪ್ರಬಂಧ,” ಎಂದು ಹೇಳಿ ಫೋನು ಇಟ್ಟಳು. ಸುಟ್ಟುಹಾಕುವುದು, ಹರಿಯುವುದು ಯಾವುದೂ ನಡೆಯಲಿಲ್ಲ. ಸುಮ್ಮನೆ ಇಸ್ತ್ರಿ ಮೇಜಿನ ಮೇಲೆ ಮತ್ತೆ ಇಸ್ತ್ರಿ ಶುರುವಾಯಿತು. ಸಂಜೆಯ ನನ್ನ ಒಂದು ಗಂಟೆಯೂ ಹೋಯಿತು. ಅಮ್ಮ ಮತ್ತೆ ಈರುಳ್ಳಿ ಹೆಚ್ಚುವ ಬೆನ್ನಾದಳು.

ನಾನು ಮುಂದೆ ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದಿದೆ. ಮಕ್ಕಳ ಬೆಳವಣಿಗೆಯನ್ನು ನೋಡಿ ದಾಖಲಿಸುವ ಕ್ರಮಗಳ ಬಗ್ಗೆ ಒಂದು ಪೂರ್ತಿ ಪತ್ರಿಕೆಯಿತ್ತು. ನೋಡುವವರು ಯಾವಾಗ ನಡುವೆ ಬರಬೇಕು ಎಂಬುದಕ್ಕೆ ಪಠ್ಯದಲ್ಲಿ ಎರಡು ಸಾಲು ಇದ್ದವು. ಅಮ್ಮನಿಗೂ ಆ ಎರಡು ಸಾಲು ಸಿಕ್ಕಿದ್ದವೋ, ಓದಿ ದಾಟಿಬಿಟ್ಟಿದ್ದಳೋ, ಕೇಳುವ ಧೈರ್ಯ ನನಗಾಗಲಿಲ್ಲ. ಈಗ ನಾನು ಕೆಲಸಕ್ಕೆ ಹೋಗುವ ದಾರಿಯಲ್ಲಿ ಯಾವುದೇ ಸ್ಟೇಷನ್ನಿನಲ್ಲಿ ಯಾವುದೇ ಮಗು ಯಾರನ್ನಾದರೂ ಕರೆದರೆ ನನ್ನ ಮೈ ತಿರುಗುತ್ತದೆ. ಒಮ್ಮೆ ಒಬ್ಬ ತಾಯಿ ನನ್ನನ್ನು ಗದರಿಸಿದ್ದೂ ಉಂಟು. ಡೊಂಬಿವಲಿಯ ಆ ಬಾಗಿಲಿನಿಂದ ಒಲೆಗೆ ನಾಲ್ಕು ಹೆಜ್ಜೆ. ಬಾಡಿಗೆಗೆ ಹಿಡಿದ ಪ್ರತಿಯೊಂದು ಮನೆಯಲ್ಲೂ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಣಿಸಿ ನೋಡುತ್ತೇನೆ. ಮನಸ್ಸಿನಲ್ಲಿ ಕೆಲವು ಸಲ ಬಕೆಟ್ ಬೋರಲಾದಾಗಲೇ ಹೊರಡುತ್ತೇನೆ, ಕೆಲವು ಸಲ ಮಣೆ ಇಟ್ಟಾಗ. ‘ಅಕ್ಕಾ’ ಎಂದ ಮೇಲೆ ಹೊರಟರೂ ಸಮಯ ಸಾಕಾಗುತ್ತದೆ. ಪ್ರತಿ ಸಲವೂ ಸಾಕಾಗುತ್ತದೆ, ಅದೇ ಸಂಕಟ.

ಆ ಬೇಸಿಗೆ ಕಳೆದು ಕೆಲವು ತಿಂಗಳಾಗುವಷ್ಟರಲ್ಲಿ ಶರಣಮ್ಮ ಕೆಲಸಕ್ಕೆ ಬರುವುದನ್ನು ನಿಲ್ಲಿಸಿದ್ದಳು. ಗಂಡನಿಗೆ ಠಾಣೆಯ ಘೋಡಬಂದರ್ ರಸ್ತೆಯಲ್ಲಿ ದೊಡ್ಡ ಸೈಟಿನ ಕೆಲಸ ಸಿಕ್ಕಿ ಅತ್ತ ಹೋಗಿದ್ದರು. ಅಪ್ಪ ಕಚೇರಿಗೆ ಹೋದ ಒಂದು ದಿನ ಅಮ್ಮ ನನಗೆ ಚಪ್ಪಲಿ ಹಾಕಿಕೊಳ್ಳಲು ಹೇಳಿದಳು. “ನಾನೇ ಹೇಳ್ತೇನೆ. ನೀನು ಜೊತೆಯಲ್ಲಿರು ಸಾಕು,” ಎಂದಳು. ಗಾಡಿ, ಆಮೇಲೆ ಬಸ್ಸು. ಅರ್ಧ ಎದ್ದ ಬಹುಮಹಡಿ ಕಟ್ಟಡಗಳ ಹಿಂದೆ ಸಾಲು ತಗಡಿನ ಶೆಡ್ಡುಗಳು. ಶರಣಮ್ಮ ನಮ್ಮನ್ನು ದೂರದಿಂದಲೇ ಕಂಡು ಓಡಿ ಬಂದು ಅಮ್ಮನ ಕೈಚೀಲ ಇಸಿದುಕೊಂಡಳು. ಚಾಪೆ ಹಾಸಿದಳು, ಚಹಾಕ್ಕೆ ಇಟ್ಟಳು. ರೇಣು ಒಳಗೆ ಮಲಗಿದ್ದಾಳೆ ಎಂದಳು.

ಅಮ್ಮ ಬಾಯಿ ತೆರೆದಳು. ಮಾತು ಬರಲಿಲ್ಲ. ಎರಡು ಸಲ ಹಾಗೇ ಆಯಿತು. ನಾನು ಚಾಪೆಯ ಅಂಚನ್ನು ನೋಡುತ್ತ, ಶರಣಮ್ಮನೊಡನೆ ಎಂದೂ ಆಡದಿದ್ದ ಕನ್ನಡದಲ್ಲಿ ಹೇಳಿದೆ:

“ನಾನು ನೋಡ್ತಾ ಇದ್ದೆ. ಅವಳು ಹತ್ತುವಾಗ. ಬಾಗಿಲಲ್ಲಿ ನಿಂತು ಬರೀತಾ ಇದ್ದೆ. ಅವಳು ಕರೆದಳು, ನಾನು ಹೋಗಲಿಲ್ಲ.”

ಶರಣಮ್ಮನ ಕೈಯಲ್ಲಿ ಚಹಾ ಸೋಸುವ ಜರಡಿಯಿತ್ತು. ಅದನ್ನು ಮೆಲ್ಲಗೆ ಕೆಳಗಿಟ್ಟಳು.

“ಏನಂತ ಕರದ್ಳು?”

“ಅಕ್ಕಾ ಅಂತ.”

“ಅವ್ವಾ ಅನ್ಲಿಲ್ಲ?”

“ಇಲ್ಲ.”

ಆಗ ಅಮ್ಮನಿಗೆ ಮಾತು ಬಂತು. ನಿಯಮ ತನ್ನದೆಂದಳು, ಮೊದಲನೆಯ ಕರೆಗೆ ಹೋಗಬಾರದೆಂದು ತಾನೇ ಹೇಳಿಕೊಟ್ಟದ್ದೆಂದಳು, ಯಾಕೆ ಹಾಗೆ ಹೇಳಿಕೊಟ್ಟೆ ಎಂಬುದನ್ನೂ ಹೇಳಲು ಹೋದಳು. ಆ ನಡುವಿನ ಜಾಗದ ಮಾತು, ಎರಡು ಕೈಗಳನ್ನು ಗಾಳಿಯಲ್ಲಿ ದೂರ ದೂರ ಹಿಡಿದು. ಶರಣಮ್ಮ ಆ ಕೈಗಳನ್ನೇ ನೋಡುತ್ತ ಪೂರ್ತಿ ಕೇಳಿಸಿಕೊಂಡಳು. ಕೂಗಾಡುತ್ತಾಳೆ, ನೆರೆಯವರು ಸೇರುತ್ತಾರೆ, ಹೊಡೆಯುತ್ತಾರೆ ಎಂದುಕೊಂಡಿದ್ದೆ. ಹೊಡೆದರೆ ತಡೆಯಬಾರದು ಎಂದೂ ಬಸ್ಸಿನಲ್ಲಿ ತೀರ್ಮಾನಿಸಿಕೊಂಡಿದ್ದೆ.

“ಅಕ್ಕೋರ,” ಎಂದಳು ಕೊನೆಗೆ. “ನೀವು ಓದಿದವರು. ನನಗ ತಿಳೀದು, ಅದಕ್ಕ ಕೇಳ್ತೀನಿ. ಕೂಸು ಎಷ್ಟ ಸರ್ತಿ ಕರೀಬೇಕ್ರಿ?”

ಅಮ್ಮನ ಕೈಗಳು ಮಡಿಲಿಗೆ ಬಿದ್ದವು.

ಚಹಾ ಉಕ್ಕಿ ಒಲೆಯ ಮೇಲೆ ಚೆಲ್ಲಿತು. ಯಾರೂ ಏಳಲಿಲ್ಲ. ಆ ಸದ್ದಿಗೋ ಏನೋ ರೇಣು ಎದ್ದು ಹೊರಗೆ ಬಂದಳು. ಬಲಗೈ ಮೊಣಕೈಯಲ್ಲಿ ಮಡಚಿಕೊಂಡು ಎದೆಗೆ ಅಂಟಿದಂತಿತ್ತು, ಬೆರಳುಗಳು ಒಂದಕ್ಕೊಂದು ಕೂಡಿದ್ದವು. ನಮ್ಮನ್ನು ನೋಡಿದಳು, ಗುರುತು ಹಿಡಿದಳು, ಮಾತಾಡಿಸಲಿಲ್ಲ. ನೀರಿನ ಕೊಡದ ಹತ್ತಿರ ಹೋದಳು. ಅದರ ಬಾಯಿಗೆ ಅಗಲದ ಭಾರದ ತಟ್ಟೆ ಮುಚ್ಚಿ, ಮೇಲೆ ಲೋಟ ಬೋರಲು ಹಾಕಿದ್ದರು. ಒಂದು ಕೈಯಲ್ಲಿ ಆ ತಟ್ಟೆ ಎತ್ತಿದರೆ ಲೋಟ ಹಿಡಿಯಲು ಇನ್ನೊಂದು ಕೈಯಿಲ್ಲ. ನಾನು ತಟ್ಟನೆ ಎದ್ದೆ. ನಾಲ್ಕು ಹೆಜ್ಜೆಯೂ ಇರಲಿಲ್ಲ. ರೇಣು ಎರಡು ಹೆಜ್ಜೆ ಹಿಂದೆ ಸರಿದು ಗೋಡೆಯ ತಗಡಿಗೆ ಬೆನ್ನು ಕೊಟ್ಟು ನಿಂತಳು. ಮಡಚಿದ ಕೈಯನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡಳು. ನಾನು ನಿಂತಲ್ಲೇ ನಿಂತೆ. ಅವಳು ಕಾಯುತ್ತಿದ್ದಳು.

“ಕುಂದ್ರವ್ವಾ,” ಎಂದಳು ಶರಣಮ್ಮ ನನಗೆ. ದನಿಯಲ್ಲಿ ಸಿಟ್ಟಿರಲಿಲ್ಲ, ಏನೂ ಇರಲಿಲ್ಲ.

ಹೋಗಿ ಚಾಪೆಯ ಮೇಲೆ ಕೂತೆ. ನಾನು ಪೂರ್ತಿ ಕೂತದ್ದನ್ನು ನೋಡಿದ ಮೇಲೆ ರೇಣು ಕೊಡದ ಹತ್ತಿರ ಬಂದಳು. ಲೋಟವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಳು. ಎಡಗೈಯಿಂದ ತಟ್ಟೆಯನ್ನು ಅಂಚಿಗೆ ಸರಿಸಿ, ಹಣೆಯಿಂದ ಒತ್ತಿ ನಿಲ್ಲಿಸಿ, ಬಾಯಲ್ಲಿದ್ದ ಲೋಟವನ್ನು ಕೈಗೆ ತೆಗೆದುಕೊಂಡು ನೀರು ಮೊಗೆದಳು. ಅರ್ಧ ಚೆಲ್ಲಿತು. ಉಳಿದದ್ದನ್ನು ನಿಂತೇ ಕುಡಿದಳು. ನಾವು ಮೂವರು ದೊಡ್ಡವರು ಒಂದು ಮೊಳ ದೂರದಲ್ಲಿ ಕೂತಿದ್ದೆವು. ಅವಳು ಯಾರನ್ನೂ ಕರೆಯಲಿಲ್ಲ.